ತಾಯಿಯೆಂಬ ಮಾತಿನ ಭಾರ



ಹೊಸಪೇಟೆಯ ಹಿರಿಯರನ್ನು ಕೇಳಿದರೆ, ಊರಿನ ಹಳೆಯ ಹೆಸರು ನಾಗಲಾಪುರ; ಶ್ರೀಕೃಷ್ಣದೇವರಾಯನು ತನ್ನ ತಾಯಿ ನಾಗಲಾಂಬಿಕೆಯ ಹೆಸರಿನಲ್ಲಿ ಕಟ್ಟಿಸಿದ ಪಟ್ಟಣ ಎನ್ನುತ್ತಾರೆ. ಪೋರ್ಚುಗೀಸ್ ಪ್ರವಾಸಿ ಪೇಯಸನು ಮಾತ್ರ ಅದು ರಾಣಿಯೊಬ್ಬಳ ಪ್ರೀತಿಗಾಗಿ ಕಟ್ಟಿದ್ದೆಂದು ಬರೆದಿಟ್ಟಿದ್ದಾನೆ. ಪಂಡಿತರು ವಾದಿಸಲಿ. ಜನರು ತಾಯಿಯ ಪಕ್ಷವನ್ನೇ ಹಿಡಿದಿರುವುದು ನಮಗೆ ಸಹಜವೆಂದು ತೋರುತ್ತದೆ. ತೈತ್ತಿರೀಯ ಶ್ರುತಿಯೂ ಶಿಷ್ಯನನ್ನು ಮನೆಗೆ ಕಳುಹಿಸುವಾಗ ತಂದೆ, ಆಚಾರ್ಯ, ಅತಿಥಿಗಳಿಗಿಂತ ಮೊದಲು ತಾಯಿಯನ್ನೇ ದೇವರೆಂದು ಕಾಣಹೇಳಿತು.

ಆದರೆ ತಾಯಿ ಎಂಬ ಮಾತಿನ ಭಾರವೆಷ್ಟು ಎಂಬುದನ್ನು ತಿಳಿಯಬೇಕಾದರೆ ಹೊಸಪೇಟೆಯಿಂದ ಕಂಪ್ಲಿಗೆ ಹೋಗಬೇಕು. ಅಲ್ಲಿ ಆಳಿದ ಕಂಪಿಲರಾಯನ ಮಗ ಕುಮಾರರಾಮ. ಹೆತ್ತ ತಾಯಿ ಹರಿಹರದೇವಿ, ಮಲತಾಯಿ ರತ್ನಾಜಿ. ನಂಜುಂಡ ಕವಿಯ ಸಾಂಗತ್ಯದಲ್ಲಿಯೂ ನಮ್ಮ ಸೀಮೆಯ ದೊಡ್ಡಾಟಗಳಲ್ಲಿಯೂ ಬರುವ ಕಥೆ ಎಲ್ಲರೂ ಬಲ್ಲದ್ದೇ. ರಾಮನು ಆಡುತ್ತಿದ್ದ ಚೆಂಡು ರತ್ನಾಜಿಯ ಅರಮನೆಗೆ ಬೀಳುತ್ತದೆ. ಅದನ್ನು ತರಲು ಹೋದವನಲ್ಲಿ ಆಕೆ ಮೋಹಗೊಳ್ಳುತ್ತಾಳೆ. ಆತ ಆಕೆಯನ್ನು ತಾಯಿಯೆಂದೇ ಕಂಡು, ಕೊಸರಿಕೊಂಡು ಹೊರಬರುತ್ತಾನೆ. ಸುಳ್ಳು ದೂರನ್ನು ನಂಬಿದ ತಂದೆ ಮಗನ ತಲೆಯನ್ನು ತರಹೇಳುತ್ತಾನೆ. ಮಂತ್ರಿ ಬೈಚಪ್ಪನು ಬೇರೊಂದು ತಲೆಯನ್ನು ತೋರಿಸಿ, ರಾಜಕುಮಾರನನ್ನು ಬಚ್ಚಿಟ್ಟು ಉಳಿಸುತ್ತಾನೆ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೈನ್ಯ ಬಂದು ಕಂಪಿಲಿಯ ರಾಜ್ಯವೇ ಅಳಿಯಿತು. ರಾಮನೂ ಹೋರಾಡಿ ಮಡಿದನೆಂದು ಕಾವ್ಯಗಳು ಹೇಳುತ್ತವೆ. 2006ರಲ್ಲಿ ‘ಗಂಡುಗಲಿ ಕುಮಾರರಾಮ’ ಎಂಬ ಚಲನಚಿತ್ರವೂ ಬಂದಿತು. ಶಿವರಾಜ್‌ಕುಮಾರ್ ರಾಮನ ಪಾತ್ರ ವಹಿಸಿದರು.

ಕತ್ತಿಯ ಕಾಳಗದಲ್ಲಿ ಗೆದ್ದ ವೀರರು ಎಷ್ಟೋ ಮಂದಿ. ನಾಡಿನ ಜನ ಈತನನ್ನು ಪರನಾರೀ ಸಹೋದರನೆಂದು ಕರೆದು ಇಂದಿಗೂ ಪೂಜಿಸುವುದು ಆ ಅಂತಃಪುರದ ಗಳಿಗೆಗಾಗಿ. ಹೆತ್ತವಳನ್ನು ತಾಯಿಯೆನ್ನುವುದಕ್ಕೆ ಯಾವ ವ್ರತವೂ ಬೇಡ. ತನ್ನ ತಲೆಯನ್ನೇ ಬೇಡುವವಳನ್ನೂ ತಾಯಿಯೆಂದ ಮೇಲೆ ಆ ಮಾತಿನಿಂದ ಹಿಂದೆ ಸರಿಯದಿರುವುದು ಕಠಿಣ. ನಾವು ಮಾತ್ರ ಈ ಕಥೆಯನ್ನು ಕೇಳುವಾಗಲೆಲ್ಲ ಹರಿಹರದೇವಿಯನ್ನು ನೆನೆಯುತ್ತೇವೆ. ಗಂಡನ ಆಜ್ಞೆಯಿಂದಲೇ ಮಗ ಸತ್ತನೆಂದು ನಂಬಿ ಅದೇ ಅರಮನೆಯಲ್ಲಿ ಬದುಕಬೇಕಾಗಿ ಬಂದವಳು ಆಕೆ. ಆ ದಿನಗಳನ್ನು ಯಾವ ಕ್ಯಾಮೆರಾ ತಾನೇ ತೋರಿಸೀತು!

ಚಿತ್ರಗಳಲ್ಲಿ ತಾಯಿಯ ಪಾಲಿಗೆ ಬರುವುದು ಹೆಚ್ಚಾಗಿ ಕಣ್ಣೀರೇ. 1983ರ ‘ಭಕ್ತ ಪ್ರಹ್ಲಾದ’ವನ್ನು ನಮ್ಮ ಮನೆಗಳಲ್ಲಿ ನೋಡದವರು ಕಡಿಮೆ, ಬಾಲಕನಾಗಿದ್ದ ಪುನೀತ್ ರಾಜ್‌ಕುಮಾರ್ ಪ್ರಹ್ಲಾದನಾಗಿದ್ದರು. ಹರಿಕಥೆ, ನಾಟಕಗಳಲ್ಲಿ ಕಯಾಧುವಿನ ಕೈಯಿಂದಲೇ ಮಗನಿಗೆ ವಿಷ ಕುಡಿಸುವುದುಂಟು. ಭಾಗವತದಲ್ಲಿ ವಿಷ ಕೊಡಿಸಿದ ಪ್ರಸ್ತಾಪವಿದೆಯೇ ಹೊರತು ತಾಯಿ ಕೊಟ್ಟಳೆಂದಿಲ್ಲ. ಅಲ್ಲಿರುವ ಮಾತು ಇನ್ನೂ ಸೂಕ್ಷ್ಮವಾದುದು. ಗರ್ಭಿಣಿಯಾಗಿದ್ದ ಕಯಾಧುವಿಗೆ ನಾರದರು ಮಾಡಿದ ಉಪದೇಶವನ್ನು ಬಹುಕಾಲ ಕಳೆದುದರಿಂದ ಆಕೆ ಮರೆತಳು. ಗರ್ಭದಲ್ಲಿದ್ದ ಮಗ ಮರೆಯಲಿಲ್ಲ. ತಾಯಿಯ ಕಿವಿಯಲ್ಲಿ ಬಿದ್ದದ್ದು ಮಗನ ಹೃದಯದಲ್ಲಿ ನಿಂತಿತು. ಆ ಪ್ರಹ್ಲಾದರೇ ಶ್ರೀವ್ಯಾಸರಾಜರಾಗಿ ಅವತರಿಸಿ, ಹಂಪೆಯಲ್ಲಿ ಯಂತ್ರೋದ್ಧಾರಕ ಪ್ರಾಣದೇವರನ್ನು ಪ್ರತಿಷ್ಠಿಸಿ, 1539ರಲ್ಲಿ ಆನೆಗೊಂದಿಯ ನವವೃಂದಾವನವನ್ನು ಸೇರಿದರೆಂಬುದು ನಮ್ಮ ಸಂಪ್ರದಾಯದ ನಂಬಿಕೆ.

ಮಗನನ್ನು ಬಿಟ್ಟುಕೊಡುವ ತಾಯಿಯ ಕಷ್ಟವನ್ನು ಸುಮಧ್ವವಿಜಯದಲ್ಲಿ ನಾರಾಯಣ ಪಂಡಿತಾಚಾರ್ಯರು ಮರೆಮಾಚಿಲ್ಲ. ವಾಸುದೇವನು ಸಂನ್ಯಾಸಕ್ಕೆ ಹೊರಟಾಗ ಮಧ್ಯಗೇಹಭಟ್ಟರು ಬೇಡಿ, ತಡೆದು, ಪ್ರಾಣ ಬಿಡುವೆನೆಂದೂ ಹೇಳಿದರು. ನಿಮ್ಮನ್ನು ನೋಡಿಕೊಳ್ಳುವ ತಮ್ಮನೊಬ್ಬ ಹುಟ್ಟುವವರೆಗೆ ಹೊರಡುವುದಿಲ್ಲವೆಂದು ಮಗ ಮಾತು ಕೊಟ್ಟ; ಅಂತೆಯೇ ಕಾದ. ತಮ್ಮ ಹುಟ್ಟಿದ ಮೇಲೂ ತಾಯಿ ಸುಲಭವಾಗಿ ಒಪ್ಪಲಿಲ್ಲ. ಅನುಮತಿಸಿದರೆ ನನ್ನನ್ನು ಕಾಣುತ್ತಿರುವೆ, ಇಲ್ಲವಾದರೆ ಮತ್ತೆಂದೂ ಕಾಣಲಾರೆ ಎಂಬ ಮಾತು ಕೇಳಿದ ಮೇಲೆಯೇ ವೇದವತಿಯ ಮನಸ್ಸು ಇಳಿದದ್ದು. ಜಗದ್ಗುರುಗಳೇ ಆದರೂ ಹೆತ್ತವರ ವ್ಯವಸ್ಥೆ ಮಾಡದೆ ಹೊಸ್ತಿಲು ದಾಟಲಿಲ್ಲ. ಈ ಪ್ರಸಂಗವನ್ನು ಇಂದು ಬೆಂಗಳೂರಿಗೋ ಅಮೆರಿಕಕ್ಕೋ ಹೊರಟ ಮಕ್ಕಳು ಒಮ್ಮೆ ಓದಲೆಂಬುದು ನಮ್ಮ ಅಪೇಕ್ಷೆ. ಫೋನಿನ ಮುಂದೆ ಕುಳಿತು ಭಾನುವಾರವನ್ನು ಕಾಯುವ ತಾಯಂದಿರು ನಮ್ಮ ಬೀದಿಗಳಲ್ಲಿಯೇ ಇದ್ದಾರೆ.

ಮಲತಾಯಿಯ ಮಾತು ಬಂದುದರಿಂದ ಧ್ರುವನನ್ನು ನೆನೆಯಬೇಕು. ತಂದೆಯ ತೊಡೆಯನ್ನೇರಬಯಸಿದ ಐದು ವರ್ಷದ ಕೂಸಿಗೆ ಸುರುಚಿ ಕ್ರೂರವಾಗಿ ನುಡಿದಳು. ಅಳುತ್ತ ಬಂದ ಮಗನಿಗೆ ಸುನೀತಿ ಏನು ಹೇಳಬಹುದಾಗಿತ್ತು! ಸವತಿಯನ್ನು ಶಪಿಸಲಿಲ್ಲ. ಯಾರಿಗೂ ಕೇಡನ್ನು ಎಣಿಸಬೇಡ ಮಗು, ಅವಳು ಹೇಳಿದ್ದರಲ್ಲಿ ಸತ್ಯವಿದೆ, ಶ್ರೀಹರಿಯ ಪಾದವನ್ನೇ ಹಿಡಿ ಎಂದಳು. ತಪಸ್ಸು ಫಲಿಸಿ ಹಿಂದಿರುಗಿದ ಧ್ರುವನು ಸುರುಚಿಗೂ ನಮಸ್ಕರಿಸಿದ. ಆಕೆ ಎತ್ತಿ ಅಪ್ಪಿಕೊಂಡಳು. ಕಂಪ್ಲಿಯ ಅರಮನೆಯಲ್ಲಿ ಆಗದೆ ಹೋದದ್ದು ಉತ್ತಾನಪಾದನ ಊರಿನಲ್ಲಿ ಆಯಿತು.

ಬಹುಕಾಲ ರಾಜ್ಯವಾಳಿದ ಧ್ರುವನನ್ನು ಕರೆದೊಯ್ಯಲು ವಿಷ್ಣುದೂತರಾದ ನಂದ ಸುನಂದರು ವಿಮಾನ ತಂದರು. ಏರಿ ಕುಳಿತವನಿಗೆ ಥಟ್ಟನೆ ನೆನಪಾಯಿತು: ದೀನಳಾದ ತಾಯಿಯನ್ನು ಹಿಂದೆ ಬಿಟ್ಟು ಆ ಎತ್ತರಕ್ಕೆ ಹೇಗೆ ಹೋಗಲಿ ಎಂದು. ಅವನ ಮನಸ್ಸನ್ನರಿತ ದೂತರು ಮುಂದಕ್ಕೆ ಕೈ ತೋರಿಸಿದರು. ಸುನೀತಿಯ ವಿಮಾನವು ಅವನಿಗಿಂತ ಮುಂದೆ ಹೋಗುತ್ತಿತ್ತು.