ಬಾಡಿಗೆಯ ಕುರ್ಚಿಯಲ್ಲಿ ಮುಕ್ತಿಯ ರುಚಿ

ಮೈಸೂರಿನ ಲಕ್ಷ್ಮೀಪುರಂ ಆಸುಪಾಸಿನಲ್ಲಿದ್ದ ಶಾಂತಲಾ, ಲಕ್ಷ್ಮಿ ಚಿತ್ರಮಂದಿರಗಳು ಕೊರೊನಾ ಕಾಲದಲ್ಲಿ ಶಾಶ್ವತವಾಗಿ ಬಾಗಿಲು ಹಾಕಿದವು. ವ್ಯಾಪಾರದ ನಷ್ಟ ಎಲ್ಲರಿಗೂ ಕಂಡಿತು. ಅಲ್ಲಿ ಕೂತವರ ಒಳಗೆ ಆಗುತ್ತಿದ್ದದ್ದೇನು?

ಕಲೆಯ ಬಗ್ಗೆ ಇಂಥದೇ ಪ್ರಶ್ನೆಗೆ ಉತ್ತರ ಹುಡುಕಿದವರು ಇದೇ ಊರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಎಂ. ಹಿರಿಯಣ್ಣ. ರಸಾನುಭವವೂ ಮೋಕ್ಷವೂ ಒಂದೇ ಜಾತಿಯವು, ಎರಡರಲ್ಲೂ 'ನಾನು' ಕರಗುತ್ತದೆ. ಆದರೆ ಕಲೆಯ ಆನಂದ ಹೊರಗಿನ ಪ್ರಚೋದನೆಯನ್ನು ನಂಬಿದ್ದು, ಅದು ನಿಂತೊಡನೆ ಮುಗಿಯುತ್ತದೆ ಎಂಬುದು ಅವರ ವಿಚಾರ.

ಹಾಗಾದರೆ ಆ ಪ್ರಚೋದನೆಗೆ ಮನೆ ಕಟ್ಟುವುದು ಸಣ್ಣ ಕೆಲಸವಲ್ಲ. ಭರತನ ನಾಟ್ಯಶಾಸ್ತ್ರ ನಾಟ್ಯಗೃಹದ ಅಳತೆಗೆ ಒಂದು ಅಧ್ಯಾಯ, ರಂಗದೇವತೆಗಳ ಪೂಜೆಗೆ ಇನ್ನೊಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಗುಬ್ಬಿ ವೀರಣ್ಣನವರ ನಾಟಕ ಕಂಪನಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು. ಆ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ತೆರೆಗೆ ಬಂದರು. ಶಾಸ್ತ್ರ ತಿಳಿಯದ ಬೇಡ, ಲಿಂಗದ ಕಣ್ಣಲ್ಲಿ ರಕ್ತ ಕಂಡು ತನ್ನ ಕಣ್ಣನ್ನೇ ಕಿತ್ತಿಡುತ್ತಾನೆ. ಎರಡನೆಯದನ್ನು ಕೀಳುವ ಮುನ್ನ ಗುರುತಿಗೆಂದು ಲಿಂಗದ ಮೇಲೆ ಕಾಲಿಡುತ್ತಾನೆ. ಗರ್ಭಗುಡಿಯಲ್ಲಿ ಮಹಾಪರಾಧವೆನಿಸುವ ಆ ಕಾಲು ಇಲ್ಲಿ ಭಕ್ತಿಯ ಶಿಖರ. ಅದನ್ನು ಬ್ರಾಹ್ಮಣ, ಒಕ್ಕಲಿಗ, ದಲಿತ ಎನ್ನದೆ ಒಂದೇ ಕತ್ತಲಲ್ಲಿ ಕೂತು ನೋಡಬಹುದಿತ್ತು. ಟಿಕೆಟ್ ದರ ಬಾಲ್ಕನಿಯನ್ನೂ ಗಾಂಧಿ ಕ್ಲಾಸನ್ನೂ ಬೇರೆ ಮಾಡಿತ್ತು, ನಿಜ.

ಮೊಬೈಲಿನಲ್ಲೂ ಕಣ್ಣಪ್ಪ ಸಿಗುತ್ತಾನೆ. ಆದರೆ ಭರತನ ವ್ಯಾಖ್ಯಾನಕಾರ ಅಭಿನವಗುಪ್ತ ಹೇಳುವ ರಸ, ಭಾವವು ಒಬ್ಬನ ಸ್ವತ್ತಾಗಿ ಉಳಿಯದೆ ಸಭೆಯೆಲ್ಲಕ್ಕೂ ಸಾಧಾರಣವಾದಾಗ ತುಂಬಿಕೊಳ್ಳುವಂಥದ್ದು. ಅದಕ್ಕೆ ಪಕ್ಕದ ಕುರ್ಚಿಯ ಅಪರಿಚಿತನೂ ಬೇಕು.