ಎಂಜಿನ್ ಇಳಿಸಿದ ಮೇಲೆ ಕಾರು ಎಲ್ಲಿದೆ?

ಕಾರವಾರದ ಎರಡು ಹಡಗುಗಳ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಒಂದು ಐಎನ್‌ಎಸ್ ಚಪಲ್. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾದ ಕ್ಷಿಪಣಿ ದೋಣಿ. ಈಗ ಟ್ಯಾಗೋರ್ ಕಡಲತೀರದಲ್ಲಿ ಹೆದ್ದಾರಿ ಪಕ್ಕ ನೆಲದ ಮೇಲೆ ಕೂತಿದೆ. ಟಿಕೆಟ್ ತಗೊಂಡು ಒಳಗೆ ಹೋಗಿ ನೋಡಬಹುದು. ಇನ್ನೊಂದು ಅರ್ಗಾದ ನೌಕಾನೆಲೆಗೆ ಬಂದು ಹೋಗುವ ವಿಕ್ರಮಾದಿತ್ಯ. 1987ರಲ್ಲಿ ಸೋವಿಯತ್ ನೌಕಾಪಡೆಯಲ್ಲಿ ಅದರ ಹೆಸರು ಬಾಕು. ಆಮೇಲೆ ಅಡ್ಮಿರಲ್ ಗೋರ್ಷ್ಕೋವ್ ಆಯಿತು. 2013ರಲ್ಲಿ ನಮ್ಮದಾಗುವಷ್ಟರಲ್ಲಿ ಅದರ ಕ್ಷಿಪಣಿಗಳನ್ನು ತೆಗೆದು, ಮುಂಭಾಗದಲ್ಲಿ ವಿಮಾನ ಏರಲು ಇಳಿಜಾರು ಕಟ್ಟಿ, ಬಾಯ್ಲರುಗಳನ್ನೂ ಬದಲಿಸಿದ್ದರು. ಮೊದಲನೆಯದು ಹಾಗೇ ಉಳಿದಿದೆ, ಆದರೆ ತೇಲುವುದಿಲ್ಲ. ಎರಡನೆಯದು ತೇಲುತ್ತದೆ, ಹಾಗೇ ಉಳಿದಿಲ್ಲ. ಯಾವುದು ಹೆಚ್ಚು 'ಅದೇ ಹಡಗು'?

ಇಂಥ ಪ್ರಶ್ನೆ ಊಟ ಆದಮೇಲೆ ಹರಟೆಗೆ ಚೆನ್ನ. ಆದರೆ ಕಳೆದ ದೀಪಾವಳಿ ರಜೆಯಲ್ಲಿ ಅದು ಅಂಕೋಲಾ ತಾಲೂಕಿನ ಅವರ್ಸಾ ಹತ್ತಿರದ ನಮ್ಮ ಮನೆ ಅಂಗಳಕ್ಕೇ ಬಂತು. ದೊಡ್ಡಪ್ಪನ 1966ರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಎಂಜಿನ್ ಇಳಿಸಬೇಕಾಯಿತು.

ಹೆರಾಲ್ಡ್ ಅಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಇಲ್ಲಿ ತಯಾರಿಸಿತು. 948 ಸಿಸಿ, ಎರಡೇ ಬಾಗಿಲು. ಇದೇ ಕಾರಿನ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಟ್ರಯಂಫ್‌ನವರು ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ತಂದರು. ಎರಡನ್ನೂ ವಿನ್ಯಾಸ ಮಾಡಿದವರು ಇಟಲಿಯ ಮಿಕೆಲೊಟ್ಟಿ. ಹಾಗಾಗಿ ನಮ್ಮ ಹೆರಾಲ್ಡ್ ಸ್ಪೋರ್ಟ್ಸ್ ಕಾರಿನ ಅಕ್ಕನೇ ಸರಿ. ಸ್ಪಿಟ್‌ಫೈರ್ ಎಂಜಿನ್ನನ್ನು ಮನೆಯಲ್ಲೇ ಇಳಿಸುವ ವಿಧಾನ ಓದಿ ನಾನು ಧೈರ್ಯ ಮಾಡಿದ್ದೂ ಅದಕ್ಕೇ. ಕೆಲಸ ಹೆಚ್ಚುಕಮ್ಮಿ ಒಂದೇ.

ಮನೆಯಲ್ಲಿ ಎಂಜಿನ್ ಇಳಿಸಲು ಇದಕ್ಕಿಂತ ಸಲೀಸಾದ ಕಾರು ಸಿಗುವುದು ಕಷ್ಟ. ಬಾನೆಟ್ಟು, ಎರಡೂ ಮಡ್‌ಗಾರ್ಡು ಎಲ್ಲ ಒಂದೇ ತುಂಡು. ಗುಡಾಣದ ಮುಚ್ಚಳದ ಹಾಗೆ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ನಾವು ಬೋಲ್ಟ್ ಬಿಚ್ಚಿ ಅದನ್ನು ಪೂರ್ತಿ ತೆಗೆದು ಹಲಸಿನ ಮರಕ್ಕೆ ಒರಗಿಸಿದೆವು. ಬ್ಯಾಟರಿ ವೈರ್ ಕಳಚಿ, ನೀರು, ಆಯಿಲ್ ಇಳಿಸಿ, ರೇಡಿಯೇಟರ್ ತೆಗೆದಾಯಿತು. ಕಾರ್ಬುರೇಟರ್, ಸ್ಟಾರ್ಟರ್, ಸೈಲೆನ್ಸರಿನ ಪೈಪು ಒಂದೊಂದಾಗಿ ಹೊರಬಂದವು. ಬೋಲ್ಟುಗಳಿಗೆ ತೆಂಗಿನ ಕರಟ ಇಟ್ಟು, ಯಾವ ಕರಟದ್ದು ಎಲ್ಲಿಯದು ಅಂತ ಸುಣ್ಣದಲ್ಲಿ ಬರೆದಿಟ್ಟೆ. ಗೇರ್‌ಬಾಕ್ಸಿನ ಕೆಳಗೆ ಜಾಕ್ ಕೊಟ್ಟು, ಎಂಜಿನ್ನಿಗೂ ಅದಕ್ಕೂ ನಡುವಿನ ಬೋಲ್ಟು ಬಿಚ್ಚಿದೆವು. ಕೊನೆಗೆ ಚಿರೆಕಲ್ಲಿನ ಕಂಬಗಳ ಮೇಲಿನ ತೊಲೆಗೆ ಬಾಡಿಗೆಯ ಚೈನ್ ಕಪ್ಪಿ ಕಟ್ಟಿ ಎಳೆದೆವು. ಎಂಜಿನ್ ಸ್ವಲ್ಪ ಮುಂದೆ ಸರಿದು ಮೇಲೆದ್ದಾಗ ಕಾರಿನ ಮೂತಿ ಕೂಡ ಜೊತೆಗೇ ಎದ್ದು ನಿಂತಿತು, ಭಾರ ಇಳಿಸಿದ ಹಮಾಲನ ಹಾಗೆ.

ಪ್ರಶ್ನೆ ಎದ್ದದ್ದು ಆಗ. ತೊಲೆಗೆ ಒಂದು ನೇತಾಡುತ್ತಿದೆ, ಅಂಗಳದಲ್ಲಿ ಒಂದು ನಿಂತಿದೆ. ಇವುಗಳಲ್ಲಿ ದೊಡ್ಡಪ್ಪನ ಕಾರು ಯಾವುದು? ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ಇದನ್ನೇ ಕೇಳಿದ್ದ: ಅಚ್ಚು ರಥವೋ, ಚಕ್ರ ರಥವೋ, ನೊಗ ರಥವೋ? ಯಾವುದೂ ಅಲ್ಲ, ರಥ ಅನ್ನುವುದು ಬರೀ ಹೆಸರು ಅಂತ ತೋರಿಸಿದ. ನಾಗಸೇನನ ಕಾಲದಲ್ಲಿ ಆರ್‌ಸಿ ಪುಸ್ತಕ ಇರಲಿಲ್ಲ, ಬಿಡಿ. ಈಗ ಚಾಸಿ ನಂಬರು, ಎಂಜಿನ್ ನಂಬರು ಎರಡೂ ಕಾಗದದಲ್ಲಿವೆ. ಎಂಜಿನ್ ನಂಬರು ಇರುವುದು ಬ್ಲಾಕಿನ ಮೇಲೆ. ಅಂದರೆ ಒಳಗಿನ ಪಿಸ್ಟನ್, ರಿಂಗು, ಬೇರಿಂಗು ಎಲ್ಲ ಹೊಸದು ಹಾಕಿದರೂ ಸರ್ಕಾರಕ್ಕೆ ಅದು ಅದೇ ಎಂಜಿನ್. ಒಳಗಿನದೆಲ್ಲ ಹಳೆಯದೇ ಇಟ್ಟು ಬ್ಲಾಕ್ ಒಂದನ್ನು ಬದಲಿಸಿದರೆ ಬೇರೆ ಎಂಜಿನ್!

ನಮ್ಮ ಎಂಜಿನ್ನಿನ ರೋಗ ಸವಕಲು. ಸಿಲಿಂಡರ್ ಅಗಲವಾಗಿ ಆಯಿಲ್ ಕುಡಿಯುತ್ತಿತ್ತು, ಹೊಗೆ ಕಾರುತ್ತಿತ್ತು. ಕಾರವಾರದ ಮೆಕ್ಯಾನಿಕ್ ಒಬ್ಬರು ಓಮ್ನಿ ಎಂಜಿನ್ ಕೂರಿಸಿ ಅಂದರು. ಬೇರೆ ಜಾತಿಯ ಎಂಜಿನ್ನಿಗೆ ಆರ್‌ಟಿಓ ಒಪ್ಪಿಗೆ ಸುಲಭವಲ್ಲ. ಎಷ್ಟೋ ಜನ ಹೇಳದೇ ಹಾಕಿಸುತ್ತಾರೆ, ನನಗೆ ಅದು ಬೇಡ. ಬೆಂಗಳೂರಿನ ಸಂಗ್ರಾಹಕರೊಬ್ಬರ ಮಾತು ಇದಕ್ಕೆ ಪೂರಾ ವಿರುದ್ಧ: "ಏನೂ ಮುಟ್ಟಬೇಡಿ ಸರ್, ಹಾಗೇ ಕೊಡಿ. ವಿಂಟೇಜ್ ರಿಜಿಸ್ಟ್ರೇಶನ್ ಮಾಡಿಸ್ತೇನೆ."

ಆ ನಿಯಮ 2021ರಲ್ಲಿ ಬಂದದ್ದು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ 'ವಿಎ' ಅಂತ ಬೇರೆ ನಂಬರು ಸಿಗುತ್ತದೆ. ಆದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಯಬಹುದು. ಹಾಗೇ ಉಳಿಯಬೇಕಾದರೆ ಮಾಡುತ್ತಿದ್ದ ಕೆಲಸ ಬಿಡಬೇಕು, ಚಪಲ್ ಹಡಗಿನ ಹಾಗೆ.

ನಾನಂತೂ ಮೊದಲು ಸಂಗ್ರಾಹಕರ ಕಡೆಗೇ ವಾಲಿದ್ದೆ. ಹಳೆಯ ವಸ್ತುವಿನ ಮೇಲೆ ಮುಂದೆ ಬರುವವರಿಗೂ ಹಕ್ಕಿದೆ, ಅವರು ಹಿಂದಕ್ಕೆ ತರಲಾಗದಂಥದ್ದನ್ನು ಮಾಡಬಾರದು ಎಂಬುದು ನನ್ನ ವಾದ. ನಮ್ಮ ಆಫೀಸಿನಲ್ಲಿ ಒಂದು ಹಳೇ ಪ್ರೋಗ್ರಾಂ ಇದೆ. ಮೊದಲು ಬರೆದವರ ಒಂದು ಸಾಲೂ ಈಗ ಅದರಲ್ಲಿಲ್ಲ. ಯಾರಿಗೂ ಚಿಂತೆಯಿಲ್ಲ, ಯಾಕೆಂದರೆ ಹಳೆಯ ಸಾಲುಗಳೆಲ್ಲ ಜೋಪಾನವಾಗಿವೆ, ಬೇಕೆಂದಾಗ ವಾಪಸ್ ತರಬಹುದು. ಕಬ್ಬಿಣ ಹಾಗಲ್ಲ. ಈ ಲೆಕ್ಕದಲ್ಲಿ ನೋಡಿದರೆ ತಮಾಷೆ ಏನೆಂದರೆ, ಓಮ್ನಿ ಎಂಜಿನ್ ಕೂರಿಸಿ ಹಳೆಯದಕ್ಕೆ ಗ್ರೀಸ್ ಹಚ್ಚಿ ಕೊಟ್ಟಿಗೆಯಲ್ಲಿಟ್ಟರೆ ಮೂಲ ಎಂಜಿನ್ನಿಗೆ ಏನೂ ಆಗುವುದಿಲ್ಲ. ತೀರಾ ನಿಯತ್ತಿನದು ಅನ್ನಿಸುವ ರೀಬೋರ್ ಮಾಡಿಸಿದರೆ ಸಿಲಿಂಡರಿನಿಂದ ಅರ್ಧ ಮಿಲಿಮೀಟರ್ ಕಬ್ಬಿಣ ಕೊರೆದು ಹೋಗುತ್ತದೆ. ಅದು ಮತ್ತೆ ಬರುವುದಿಲ್ಲ.

ಇದನ್ನೆಲ್ಲ ದೊಡ್ಡಪ್ಪನಿಗೆ ವಿವರಿಸಿದೆ. ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಾ ಎಲ್ಲ ಕೇಳಿದರು. "ಅಲ್ವೋ ತಮಾ, ಇಷ್ಟು ವರ್ಷ ಅದು ಸವೆದದ್ದು ಎಲ್ಲಿ ಹೋಯ್ತು? ಅದನ್ನ ಯಾರು ವಾಪಸ್ ತರ್ತಾರೆ?" ಅಂದರು. ಸ್ವಲ್ಪ ತಡೆದು, "ಓಡೂಕೆ ತಂದದ್ದೋ, ನೋಡೂಕೆ ತಂದದ್ದೋ?" ಅಂದರು.

ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆ ಸಿಲಿಂಡರ್ ಸವೆದದ್ದು ಅವರ್ಸಾದಿಂದ ಕಾರವಾರದ ಆಸ್ಪತ್ರೆಗೆ, ಅಂಕೋಲೆಯ ಮೀನು ಮಾರ್ಕೆಟ್ಟಿಗೆ, ಊರಿನ ಅದೆಷ್ಟೋ ಮದುವೆಗಳಿಗೆ ಓಡಿ. ನಾನು ಉಳಿಸಹೊರಟಿದ್ದ 'ಮೂಲ' ಯಾವ ವರ್ಷದ್ದು? ಮದ್ರಾಸಿನಿಂದ ಹೊರಟ ದಿನದ್ದೋ, ಈ ದೀಪಾವಳಿಯದೋ? ವೈಪರಿನ ಮೋಟರ್ ಅಂತೂ ಯಾವ ಕಾಲದಲ್ಲೋ ಅಂಬಾಸಿಡರ್‌ನದ್ದು ಕೂರಿದೆ. ಮುಂದೆ ಬರುವವರ ಹಕ್ಕಿನ ಮಾತನ್ನು ನಾನಿನ್ನೂ ಬಿಟ್ಟಿಲ್ಲ. ಆದರೆ ಈಗ ಬದುಕಿರುವವರದ್ದನ್ನು ಕಿತ್ತು ಅವರಿಗೆ ಕೊಡಬೇಕು ಅನ್ನುವುದು ನನಗೆ ಒಪ್ಪಿಗೆಯಾಗುತ್ತಿಲ್ಲ.

ಬ್ಲಾಕು ಹುಬ್ಬಳ್ಳಿಯ ಲೇತ್ ಶಾಪಿಗೆ ಹೊರಟಿದೆ. ಪಿಸ್ಟನ್ ಇಂಗ್ಲೆಂಡಿನಿಂದ ಬರಬೇಕು. ಮಾಮೂಲಿ ನಂಬರೇ ಇರಲಿ, ಐದು ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡಿಸಿದರಾಯಿತು ಅಂತ ತೀರ್ಮಾನವಾಗಿದೆ. ಸಂಗ್ರಾಹಕರಿಗೆ ಫೋನ್ ಮಾಡಿ ಹೇಳಿದಾಗ ಒಂದು ಗಳಿಗೆ ಸುಮ್ಮನಾದರು. ಆಮೇಲೆ, "ಕೊರೆಯೋ ಮೊದಲು ಅಳತೆ ತೆಗೆದು ಬರೆದಿಡಿ ಸರ್, ಒಂದು ಫೋಟೋನೂ ತೆಗೀರಿ" ಅಂದರು. ತೆಗೆದೆ. ಸೀಮೆಎಣ್ಣೆ ಬಟ್ಟೆಯಲ್ಲಿ ನಂಬರು ಒರೆಸಿಕೊಟ್ಟವರು ದೊಡ್ಡಪ್ಪ.