ಎದೆಗೂಡಿನ ನೆರೆಹೊರೆ

ಮುಂಗಾರಿನ ಮೊದಲ ಮಳೆಗಳು ಬಿದ್ದು, ಶಿಕಾರಿಪುರದ ಅಂಜನಾಪುರ ಜಲಾಶಯದ ಏರಿಯ ಮೇಲೆ ಹಸಿಮಣ್ಣಿನ ವಾಸನೆ ಹೊತ್ತ ಗಾಳಿ ಕುಮುದ್ವತಿಯ ನೀರು ಸವರಿಕೊಂಡು ಬರುವಾಗ, ಅದು ಮೂಗಿನ ಹೊಳ್ಳೆ ದಾಟಿ, ಗಂಟಲಿಗಿಳಿದು, ಕವಲಾಗಿ, ಕವಲಿಗೆ ಕವಲಾಗಿ, ಕೊನೆಗೆ ಕಣ್ಣಿಗೆ ಕಾಣದ ಗಾಳಿಗೂಡುಗಳಲ್ಲಿ ತಂಗುವವರೆಗೂ ಅದರ ಬೆನ್ನು ಹಿಡಿದು ಹೋಗುವ ಹುಚ್ಚು ನನಗೆ ಹತ್ತಿದ್ದು 2021ರ ಕೊರೊನಾದ ಎರಡನೇ ಅಲೆಯ ನಂತರ. ಅಂಥ ಗೂಡುಗಳು ಎದೆಯೊಳಗೆ 30 ಕೋಟಿಯಷ್ಟಾದರೂ ಇವೆ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ತೆಳು. ಅಷ್ಟು ತೆಳುವಾದದ್ದನ್ನು ನೆಚ್ಚಿಕೊಂಡು ಇಷ್ಟು ವರ್ಷ ಬದುಕಿದೆನಲ್ಲ, ಒಮ್ಮೆಯೂ ಅತ್ತ ಕಿವಿಗೊಡದೆ!

ಆಮ್ಲಜನಕದ ಕೊಳವೆ ಸಿಕ್ಕಿಸಿ ಬೋರಲು ಮಲಗಿಸಿದ್ದ ರಾತ್ರಿಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆರಳಿಗೆ ಕಚ್ಚಿಕೊಂಡ ಪುಟ್ಟ ಯಂತ್ರದಲ್ಲಿ ಅಂಕಿ ಏರುತ್ತಿತ್ತು, ಇಳಿಯುತ್ತಿತ್ತು. ಬೆರಗೆಲ್ಲ ಮನೆಗೆ ಬಂದ ಮೇಲಿನದು.

ಗಾಳಿಗೂಡಿನ ಗೋಡೆಯಲ್ಲಿ ಒಂದು ಬಗೆಯ ಜೀವಕೋಶಗಳಿವೆ. ಗೂಡು ಮುದುರಿ ಅಂಟಿಕೊಳ್ಳದಂತೆ ಜಾರುಪಸೆಯನ್ನು ಒಸರಿಸುತ್ತ ಕೂರುವುದು ಅವುಗಳ ಕಸುಬು. ವೈರಾಣು ಒಳನುಗ್ಗಿದ್ದು ಅವುಗಳ ಬಾಗಿಲಿನಿಂದಲೇ. ಬೇನೆ ಇಳಿದ ಮೇಲೆ, ಕಿತ್ತುಹೋದ ಗೋಡೆಯನ್ನು ಮತ್ತೆ ಕಟ್ಟಲು ಒಂದು ಎರಡಾಗಿ, ಎರಡು ನಾಲ್ಕಾಗಿ ಹೊರಡುವವೂ ಅಳಿದುಳಿದ ಅವೇ. ಎಲ್ಲ ಗೂಡೂ ಮೊದಲಿನಂತಾಗುವುದಿಲ್ಲ, ಕೆಲವೆಡೆ ಕಲೆಗಟ್ಟಿ ಬಿಗಿಯುತ್ತದೆ. ಆದರೂ ತಿಂಗಳುಗಟ್ಟಲೆ, ನಾನು ಗಂಜಿ ಕುಡಿದು ಮಗ್ಗುಲಾಗಿ ನಿದ್ದೆಹೋದಾಗಲೂ ಆ ಕೆಲಸ ಸದ್ದಿಲ್ಲದೆ ಸಾಗಿತ್ತೆಂದು ನೆನೆದರೆ ಯಾರಿಗೆ ಕೈಮುಗಿಯುವುದೆಂದು ತೋಚುವುದಿಲ್ಲ. ಸೊರಬದ ಗುಡವಿಯಲ್ಲಿ, ನೀರಲ್ಲಿ ನಿಂತ ಮರಗಳ ಮೇಲೆ ಬಿಳಿ ಕೆಂಬರಲುಗಳು ಕಡ್ಡಿ ತಂದು ಗೂಡು ಹೆಣೆಯುವ ಕಾಲವೂ ಅದೇ.

ಎಡ ಶ್ವಾಸಕೋಶ ಬಲದ್ದಕ್ಕಿಂತ ಕಿರಿದು. ಹೃದಯಕ್ಕೆ ಜಾಗವಾಗಲೆಂಬಂತೆ ತನ್ನ ಅಂಚನ್ನು ಒಳಗೆಳೆದುಕೊಂಡಿದೆ. ಹೃದಯವೂ ಸುಮ್ಮನಿಲ್ಲ, ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಈ ನೆರೆಮನೆಯ ಅಂಗಳ ಹಾಯಿಸಿಯೇ ಉಳಿದ ಮೈಗೆ ಕಳಿಸುತ್ತದೆ. ಒಂದು ಮನೆಯಲ್ಲಿ ಬೇನೆಯಾದರೆ ಇನ್ನೊಂದಕ್ಕೆ ನಿದ್ದೆಯಿಲ್ಲ. ಬಚ್ಚಲಿಂದ ನಡುಮನೆಗೆ ಬರುವಷ್ಟರಲ್ಲಿ ಎದೆ ಡವಗುಟ್ಟುತ್ತಿದ್ದ ದಿನಗಳಲ್ಲಿ ಹೆದರಿ ಕೈಯಿಟ್ಟುಕೊಳ್ಳುತ್ತಿದ್ದೆ. ಬರಬರುತ್ತ ಅದನ್ನು ಕೇಳಿಸಿಕೊಳ್ಳತೊಡಗಿದೆ. ಮದ್ದಳೆ ನುಡಿಸುತ್ತಿದ್ದನೆಂಬ ಅಲ್ಲಮನ ಬಳ್ಳಿಗಾವಿಯಲ್ಲಿ, ಕೇದಾರೇಶ್ವರನ ಗುಡಿಯ ತಣ್ಣನೆಯ ಕಂಬಕ್ಕೆ ಒರಗಿ ಕೂತರೆ, ನನ್ನದೋ ಕಲ್ಲಿನದೋ ತಿಳಿಯದಂತೆ ಬೆನ್ನಲ್ಲಿ ಮಿಡಿಯುವ ಆ ತಾಳಕ್ಕೆ ಉಸಿರು ತಾನಾಗಿ ಹೊಂದಿಕೊಂಡು, ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಚಂದ್ರಗುತ್ತಿಗೆ ಹೋದದ್ದು ಬಹಳ ತಡವಾಗಿ. ಕೆಲವು ಮೆಟ್ಟಿಲಿಗೊಮ್ಮೆ ನಿಂತು, ಅಡವಿಯ ಸೊಪ್ಪಿನ ಹಸಿಗಂಪು ಒಳಗೆಳೆದುಕೊಳ್ಳುತ್ತ ಹತ್ತುವಾಗ ಹೂ ಮಾರುವ ಅಜ್ಜಿ ಕರೆದು ಕೂರಿಸಿದಳು: "ಸುಧಾರಿಸ್ಕ ತಮ್ಮಾ, ಅಮ್ಮ ಎಲ್ಲೂ ಹೋಗಲ್ಲ." ಬಂಡೆಯ ಗವಿಯಲ್ಲಿರುವ ರೇಣುಕಾಂಬೆಯವರೆಗೆ ಹೇಗೋ ಮುಟ್ಟಿದೆ. ಮೇಲಿನ ಕೋಟೆಗೆ ಹತ್ತಬಹುದೇ ಎಂದು ಕೇಳಿದರೆ ಡಾಕ್ಟರು, ಹೃದಯದ ಇನ್ನೊಂದು ಎಕೋ ಮಾಡಿಸಿ ನೋಡೋಣ ಎಂದಿದ್ದಾರೆ.